ನಿಪ್ಪಾಣಿಯ ಎಲೆ ಮತ್ತು ಬಾಯಿಯ ಹುಣ್ಣು

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳು ಒಂದರ ಪಕ್ಕಕ್ಕೊಂದು ಹರಡಿಕೊಂಡಿವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಹರಿಯುವ ನೆಲವಿದು. ಕನ್ನಡ, ಮರಾಠಿ ಎರಡೂ ಇಲ್ಲಿ ಮನೆಮಾತು. ಇಂದು ಈ ಭಾಗದ ಹೆಸರೆತ್ತಿದರೆ ಕಬ್ಬು, ಸಕ್ಕರೆ ಕಾರ್ಖಾನೆಗಳು ಕಣ್ಣ ಮುಂದೆ ಬರುತ್ತವೆ. ಆದರೆ ಹಳೆಯ ತಲೆಮಾರಿನವರಿಗೆ ನಿಪ್ಪಾಣಿ ಎಂದರೆ ತಂಬಾಕು. ಬೀಡಿಗೆ ಬೇಕಾದ ತಂಬಾಕು ದೇಶದಲ್ಲಿ ಮುಖ್ಯವಾಗಿ ಬೆಳೆಯುತ್ತಿದ್ದುದು ಎರಡು ಕಡೆ: ಗುಜರಾತಿನ ಚರೋತರ್ ಪ್ರದೇಶದಲ್ಲಿ ಮತ್ತು ನಿಪ್ಪಾಣಿಯ ಸುತ್ತಿನಲ್ಲಿ.

ತಲೆ ಮತ್ತು ಕತ್ತಿನ ಕ್ಯಾನ್ಸರ್ ಎಂದು ವೈದ್ಯರು ಕರೆಯುವ ರೋಗಗಳ ಕತೆಯನ್ನು ಹೇಳಲು ಇದಕ್ಕಿಂತ ಸೂಕ್ತವಾದ ಊರು ಸಿಗಲಾರದು. ತುಟಿ, ನಾಲಗೆ, ವಸಡು, ಕೆನ್ನೆಯ ಒಳಪದರ, ಗಂಟಲು, ಧ್ವನಿಪೆಟ್ಟಿಗೆ ಇವುಗಳಲ್ಲಿ ಹುಟ್ಟುವ ಈ ಕ್ಯಾನ್ಸರುಗಳಲ್ಲಿ ಬಹುಪಾಲಿಗೆ ನಮ್ಮ ದೇಶದಲ್ಲಿ ತಂಬಾಕೇ ಕಾರಣ. ಭಾರತದ ಗಂಡಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಬಾಯಿಯದು. 2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷ ದೇಶದಲ್ಲಿ ಸುಮಾರು 1 ಲಕ್ಷ 40 ಸಾವಿರ ಮಂದಿಗೆ ಹೊಸದಾಗಿ ತುಟಿ ಅಥವಾ ಬಾಯಿಯ ಕ್ಯಾನ್ಸರ್ ತಗುಲಿತು.

ಇದರಲ್ಲಿ ಒಂದು ವಿಚಿತ್ರವಿದೆ. ಹೊಟ್ಟೆಯೊಳಗಿನ, ಎದೆಯೊಳಗಿನ ಗಡ್ಡೆಯನ್ನು ಯಂತ್ರವಿಲ್ಲದೆ ಕಾಣಲಾಗದು. ಬಾಯಿಯೊಳಗಿನ ಹುಣ್ಣನ್ನು ಕನ್ನಡಿ ಹಿಡಿದರೆ ರೋಗಿಯೇ ನೋಡಬಹುದು. ಹಾಗಿದ್ದೂ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ರೋಗ ಬಲಿತ ಮೇಲೆಯೇ. ಕಣ್ಣಿಗೆ ಕಾಣುವ ರೋಗ ಏಕೆ ಕಾಣದೆ ಉಳಿಯುತ್ತದೆ? ಇದಕ್ಕೆ ಉತ್ತರ ವೈದ್ಯಶಾಸ್ತ್ರದಲ್ಲಿ ಎಷ್ಟಿದೆಯೋ ಇತಿಹಾಸದಲ್ಲೂ ಅಷ್ಟೇ ಇದೆ.

ಬಿಜಾಪುರದ ಉಡುಗೊರೆ

ತಂಬಾಕು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರು ಅದನ್ನು ಹದಿನಾರನೆಯ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಗೆ ತಂದರು. ಅಲ್ಲಿಂದ ಅದು ಆದಿಲಶಾಹಿಗಳ ರಾಜಧಾನಿ ಬಿಜಾಪುರವನ್ನು ಸೇರಿತು. ಗೋವಾ ಮತ್ತು ಬಿಜಾಪುರದ ನಡುವಣ ವ್ಯಾಪಾರದ ಊರುಗಳೆಂದು ಹದಿನೇಳನೆಯ ಶತಮಾನದ ಯುರೋಪಿಯನ್ ಬರಹಗಳಲ್ಲಿ ಅಥಣಿ, ರಾಯಬಾಗಗಳ ಹೆಸರು ಬರುತ್ತದೆ. ಹೊಸ ಎಲೆಯ ಹೊರೆಗಳು ಈ ದಾರಿಯಲ್ಲೇ ಹಾದುಹೋಗಿರಬೇಕು.

ಭಾರತದಲ್ಲಿ ತಂಬಾಕಿನ ಬಗೆಗೆ ದೊರೆಯುವ ಬಹು ಹಳೆಯ, ಬಹು ಸ್ವಾರಸ್ಯದ ದಾಖಲೆಯೂ ಬಿಜಾಪುರಕ್ಕೆ ಸಂಬಂಧಿಸಿದ್ದೇ. ಎರಡನೆಯ ಇಬ್ರಾಹಿಂ ಆದಿಲಶಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ತಂದುಕೊಳ್ಳುವ ಸಂದರ್ಭದಲ್ಲಿ ಮೊಗಲ್ ಆಸ್ಥಾನದ ಅಸದ್ ಬೇಗ್ ಎಂಬಾತ ಬಿಜಾಪುರಕ್ಕೆ ಬಂದಿದ್ದ. ತಾನು ಅದುವರೆಗೆ ಕಂಡಿರದ ತಂಬಾಕನ್ನು ಅಲ್ಲಿ ನೋಡಿ, ಒಂದಷ್ಟನ್ನು ಕೊಂಡು, ರತ್ನ ಕೂಡಿಸಿದ ಕೊಳವೆಯೊಂದನ್ನು ಮಾಡಿಸಿಕೊಂಡು ಆಗ್ರಾಕ್ಕೆ ಒಯ್ದ. ಆದಿಲಶಹ ತನಗೆ ಕೊಟ್ಟಿದ್ದ ಅಂದವಾದ ಎಲೆಯಡಿಕೆ ಚೀಲದಲ್ಲೇ ತಂಬಾಕನ್ನು ತುಂಬಿ ಬಾದಶಹನ ಮುಂದಿಟ್ಟನೆಂದು ಅವನೇ ಬರೆದಿಟ್ಟಿದ್ದಾನೆ. ಅಕ್ಬರ ಎರಡು ಮೂರು ದಮ್ಮು ಎಳೆದ. ಆಸ್ಥಾನದ ಹಕೀಮ ತಡೆದ; ಪರೀಕ್ಷೆಯಾಗದ ಈ ವಸ್ತುವಿನ ಬಗ್ಗೆ ನಮ್ಮ ವೈದ್ಯರು ಏನನ್ನೂ ಬರೆದಿಲ್ಲ ಎಂಬುದು ಅವನ ವಾದ. ಫರಂಗಿಗಳು ಇದರ ಗುಣವನ್ನು ತಿಳಿಯದಷ್ಟು ಮೂಢರಲ್ಲ ಎಂಬುದು ಅಸದ್ ಬೇಗನ ಮರುವಾದ. ಅಕ್ಬರ ಮತ್ತೆ ಅದನ್ನು ಸೇದಲಿಲ್ಲ. ಆದರೆ ಸರದಾರರು ಮುಗಿಬಿದ್ದರು, ವ್ಯಾಪಾರಿಗಳು ಮಾರಾಟಕ್ಕಿಳಿದರು, ಚಟ ಬೇಗನೆ ಹಬ್ಬಿತು. 1617ರಲ್ಲಿ ಜಹಾಂಗೀರ ತಂಬಾಕನ್ನು ನಿಷೇಧಿಸಿದ; ನಿಷೇಧ ನಿಲ್ಲಲಿಲ್ಲ.

ಈ ಪ್ರಸಂಗದಲ್ಲಿ ಗಮನಿಸಬೇಕಾದುದು ಎರಡು. ತಂಬಾಕು ನಮ್ಮಲ್ಲಿಗೆ ಬಂದದ್ದು ಔಷಧಿಯ ವೇಷದಲ್ಲಿ. ಹಲ್ಲುನೋವಿಗೆ, ಹೊಟ್ಟೆ ಸಡಿಲಾಗಲಿಕ್ಕೆ ಒಂದು ಚಿಟಿಕೆ ತಂಬಾಕು ಒಳ್ಳೆಯದೆಂಬ ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಎರಡನೆಯದು, ಅದು ಸೇರಿಕೊಂಡದ್ದು ಎಲೆಯಡಿಕೆ ಚೀಲವನ್ನು. ತಾಂಬೂಲಕ್ಕೆ ನಮ್ಮಲ್ಲಿ ಸಾವಿರಾರು ವರ್ಷಗಳ ಗೌರವ. ಮದುವೆ, ಮುಂಜಿವೆ, ಅತಿಥಿ ಸತ್ಕಾರ ಯಾವುದೂ ಅದಿಲ್ಲದೆ ನಡೆಯದು. ಆ ಗೌರವದ ಚೀಲದೊಳಗೆ ಕುಳಿತ ತಂಬಾಕಿಗೂ ಒಂದು ಮರ್ಯಾದೆ ಬಂದುಬಿಟ್ಟಿತು. ಹೊರಗಿನಿಂದ ಬಂದದ್ದೆಂಬುದನ್ನೇ ಜನ ಮರೆತರು.

ಅನ್ನ ಕೊಟ್ಟ ಬೆಳೆ

ವೇದಗಂಗಾ, ದೂಧಗಂಗಾ ದಂಡೆಯ ಭೂಮಿ ಬೀಡಿ ತಂಬಾಕಿಗೆ ಹೇಳಿ ಮಾಡಿಸಿದಂಥದು. ಮಳೆಗಾಲದಲ್ಲಿ ಸಸಿ ನೆಟ್ಟು, ಕುಡಿ ಚಿವುಟಿ, ಪಕ್ಕದ ಚಿಗುರು ಮುರಿದು ಎಲೆಗೆ ಕಸುವು ಬರಿಸಿ, ಚಳಿಗಾಲ ಕಳೆಯುವ ಹೊತ್ತಿಗೆ ಕೊಯ್ದು ಹೊಲದಲ್ಲೇ ಬಿಸಿಲಿಗೆ ಒಣಗಿಸುತ್ತಾರೆ. ಬಳಿಕ ಅದು ನಿಪ್ಪಾಣಿಯ ವಖಾರಿಗಳಿಗೆ ಹೋಗುತ್ತದೆ. ಅಲ್ಲಿ ಎಲೆಯನ್ನು ಬಡಿದು, ಪುಡಿಮಾಡಿ, ಜರಡಿ ಹಿಡಿದು, ಕಡ್ಡಿಯನ್ನೂ ದೂಳನ್ನೂ ಬೇರ್ಪಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಸೆರಗನ್ನು ಮೂಗಿಗೆ ಸುತ್ತಿಕೊಂಡು, ಕಿಟಕಿ ಮುಚ್ಚಿದ ಕೋಣೆಗಳಲ್ಲಿ, ಘಾಟಿನ ನಡುವೆ ದಿನವಿಡೀ ನಡೆಯುವ ಕೆಲಸ.

ಈ ಹೆಂಗಸರು 1970ರ ದಶಕದ ಕೊನೆಯ ಹೊತ್ತಿಗೆ ಪ್ರೊ. ಸುಭಾಷ್ ಜೋಶಿಯವರ ಮುಂದಾಳತ್ವದಲ್ಲಿ ಸಂಘಟಿತರಾದರು. ಕೂಲಿ, ಕೆಲಸದ ಹೊತ್ತು, ಮಾಲೀಕರ ಕಿರುಕುಳ ಇವೆಲ್ಲದರ ಬಗ್ಗೆ ಅವರು ಆಡಿದ ಮಾತುಗಳನ್ನು ಯುಗಾಂತರ್ ಎಂಬ ಮಹಿಳಾ ಚಿತ್ರ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ದೀಪಾ ಧನರಾಜ್ ಆ ತಂಡದಲ್ಲಿದ್ದರು. ಇತ್ತ ಬೆಳೆಗಾರರದು ಇನ್ನೊಂದು ಗೋಳು. ಧಾರಣೆ ನಿಗದಿಪಡಿಸುವವರು ವ್ಯಾಪಾರಿಗಳು. ಸಿಗರೇಟಿಗೆ ಬಳಸುವ ಮೈಸೂರು ಸೀಮೆಯ ತಂಬಾಕಿಗೆ ತಂಬಾಕು ಮಂಡಳಿಯ ಹರಾಜು ಕಟ್ಟೆ ಬಂದರೂ ಬೀಡಿ ತಂಬಾಕಿಗೆ ಅಂಥ ಆಸರೆ ಸಿಗಲಿಲ್ಲ. 1981ರ ಮಾರ್ಚಿಯಲ್ಲಿ ಶರದ್ ಜೋಶಿಯವರ ನಾಯಕತ್ವದಲ್ಲಿ ಸಾವಿರಾರು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬಿಡಾರ ಹೂಡಿದರು. ಮೂರು ವಾರಗಳಿಗೂ ಹೆಚ್ಚು ಕಾಲ ನಡೆದ ಚಳವಳಿ ಏಪ್ರಿಲ್ 6ರಂದು ಪೊಲೀಸರ ಗೋಲಿಬಾರಿನಲ್ಲಿ ಕೊನೆಗೊಂಡಿತು. ಹಲವು ರೈತರು ಪ್ರಾಣ ತೆತ್ತರು.

ತಂಬಾಕಿಗಾಗಿ ಜನ ರಕ್ತ ಚೆಲ್ಲಿದ ನೆಲದಲ್ಲಿ ಅದನ್ನು ವಿಷವೆಂದು ಹೇಳುವುದು ಸುಲಭದ ಮಾತಲ್ಲ. ಹೊಲ, ವಖಾರಿ, ಬೀಡಿ ಕಟ್ಟುವ ಮನೆಯ ಜಗುಲಿ ಹೀಗೆ ಎಲ್ಲಿ ನೋಡಿದರೂ ಒಲೆ ಉರಿಯುತ್ತಿದ್ದುದು ಆ ಎಲೆಯಿಂದಲೇ. ಕೈಗೆ ಅನ್ನ ಕೊಟ್ಟದ್ದು ಬಾಯಿಗೂ ಸುಲಭವಾಗಿ ಸಿಕ್ಕಿತು. ಗಂಡಸರಿಗೆ ಬೀಡಿ ಮತ್ತು ಅಂಗೈಯಲ್ಲಿ ತಿಕ್ಕಿದ ಸುಣ್ಣ–ತಂಬಾಕು. ಹೆಂಗಸರಿಗೆ ತಂಬಾಕನ್ನು ಹೆಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿಮಾಡಿದ ಮಿಶ್ರಿ. ಹಲ್ಲುಜ್ಜುವ ಪುಡಿ ಎಂಬ ನೆವದಲ್ಲಿ ದಿನಕ್ಕೆ ನಾಲ್ಕಾರು ಸಲ ವಸಡಿಗೆ ಹಚ್ಚುವ ಮಿಶ್ರಿಯನ್ನು ಯಾರೂ ಚಟವೆಂದು ಎಣಿಸಲಿಲ್ಲ. ಆದ್ದರಿಂದ ವೈದ್ಯರು ‘ತಂಬಾಕು ತಿನ್ನುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಪ್ರಾಮಾಣಿಕ ಉತ್ತರವೇ ಬರುತ್ತಿತ್ತು.

ವೈದ್ಯರ ಕಣ್ಣಿಗೆ ಬಿದ್ದದ್ದು

ಬಾಯಿಯ ಗಡ್ಡೆಗಳು ತಂಬಾಕಿಗಿಂತ ಹಳೆಯವು ಎಂಬುದನ್ನೂ ಹೇಳಬೇಕು. ಸುಶ್ರುತ ಸಂಹಿತೆಯಲ್ಲಿ ತುಟಿ, ವಸಡು, ಹಲ್ಲು, ನಾಲಗೆ, ಅಂಗುಳು, ಗಂಟಲು ಎಂದು ಜಾಗ ಹಿಡಿದು 65 ಮುಖರೋಗಗಳನ್ನು ಎಣಿಸಲಾಗಿದೆ. ಕೆಲವನ್ನು ಅಸಾಧ್ಯವೆಂದೂ ಗುರುತಿಸಲಾಗಿದೆ. ಆದರೆ ಅವು ಗುಂಪುಗುಂಪಾಗಿ ಏಕೆ ಕಾಣಿಸುತ್ತವೆ ಎಂಬ ಪ್ರಶ್ನೆ ಎದ್ದದ್ದು ದೊಡ್ಡ ಆಸ್ಪತ್ರೆಗಳು ಬಂದು ರೋಗಿಗಳ ಲೆಕ್ಕ ಇಡತೊಡಗಿದ ಮೇಲೆ. 1902ರಲ್ಲಿ ಮದರಾಸಿನ ನಿಬ್ಲಾಕ್ ಎಂಬ ಶಸ್ತ್ರವೈದ್ಯ ಬಾಯಿಯ ಕ್ಯಾನ್ಸರಿಗೂ ತಾಂಬೂಲ ಜಗಿಯುವುದಕ್ಕೂ ಇರುವ ನಂಟನ್ನು ಎತ್ತಿ ತೋರಿಸಿದ. 1933ರಲ್ಲಿ ತಿರುವಾಂಕೂರು ಸೀಮೆಯ ನೆಯ್ಯೂರಿನ ಮಿಷನ್ ಆಸ್ಪತ್ರೆಯ ಆರ್ ಎಂಬ ವೈದ್ಯ ಅಲ್ಲಿನ ರೋಗಿಗಳನ್ನು ಕುರಿತು ಬರೆದ.

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅದೇ ಪ್ರಾಂತ್ಯದ ರಾಜಧಾನಿಯಲ್ಲಿ 1941ರ ಫೆಬ್ರವರಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಅಲ್ಲಿನ ರೋಗಶಾಸ್ತ್ರಜ್ಞ ಡಾ. ವಿ.ಆರ್. ಖಾನೋಲ್ಕರ್ 1944ರಲ್ಲಿ ಮುಂಬಯಿಯ ಒಂದು ಸಾವಿರ ಬಾಯಿ ಕ್ಯಾನ್ಸರ್ ರೋಗಿಗಳ ವಿವರಗಳನ್ನು ಪ್ರಕಟಿಸಿದರು. 1955ರಲ್ಲಿ ಸಾಂಘ್ವಿ, ರಾವ್ ಅವರೊಂದಿಗೆ ಖಾನೋಲ್ಕರ್ ಬರೆದ ಲೇಖನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಂಬಾಕು ಜಗಿಯುವವರಲ್ಲಿ ರೋಗ ಹೆಚ್ಚಾಗಿ ಬಾಯಿಯ ಮುಂಭಾಗದಲ್ಲಿ, ಬೀಡಿ ಸೇದುವವರಲ್ಲಿ ಹಿಂಭಾಗದಲ್ಲಿ, ಅಂದರೆ ನಾಲಗೆಯ ಬುಡ ಮತ್ತು ಗಂಟಲಿನ ಕಡೆಗೆ ಹುಟ್ಟುತ್ತದೆ ಎಂಬುದು ಸ್ಪಷ್ಟವಾಯಿತು. ವಸ್ತು ಎಲ್ಲಿ ತಾಗುತ್ತದೆಯೋ ಅಲ್ಲೇ ಗಾಯ. ಚಟಕ್ಕೂ ರೋಗಕ್ಕೂ ಇರುವ ನಂಟಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿರಲಿಲ್ಲ.

ಇದು ಹೇಗೆ ನಡೆಯುತ್ತದೆಂಬುದು ಈಗ ಗೊತ್ತಾಗಿದೆ. ಎಲೆ ಒಣಗಿ ಹದಗೊಳ್ಳುವಾಗ ಅದರಲ್ಲಿರುವ ನಿಕೋಟಿನ್ನಿನಂಥ ವಸ್ತುಗಳಿಂದ ನೈಟ್ರೋಸಮೀನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಅವು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತವೆ. ತಿಕ್ಕುವಾಗ ಬೆರೆಸುವ ಸುಣ್ಣ ನಿಕೋಟಿನ್ ಬೇಗ ರಕ್ತ ಸೇರುವಂತೆ ಮಾಡಿ ಮತ್ತೆ ಮತ್ತೆ ಬೇಕೆನ್ನುವ ಹಂಬಲವನ್ನು ಗಟ್ಟಿಗೊಳಿಸುತ್ತದೆ. ಜೊತೆಗೆ ಬಾಯಿಯ ತೆಳುಪದರವನ್ನು ಸುಡುತ್ತದೆ. ಸೇದುವುದರ ಜೊತೆಗೆ ಸಾರಾಯಿಯೂ ಸೇರಿದರೆ ಅಪಾಯ ಹಲವು ಪಟ್ಟು. ತಂಬಾಕು ಬೆರೆಸದ ಬರಿಯ ಅಡಿಕೆಯೂ ನಿರಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ನೋವಿಲ್ಲದ ಶತ್ರು

ಕ್ಯಾನ್ಸರ್ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಬಾಯಿಯಲ್ಲಿ ಅದು ಹಲವು ವರ್ಷ ಮುಂಚಿತವಾಗಿಯೇ ಸೂಚನೆ ಕೊಡುತ್ತದೆ. ತಿಕ್ಕಿದರೂ ಹೋಗದ ಬಿಳಿಯ ಮಚ್ಚೆ ಒಂದು. ಅದಕ್ಕಿಂತ ಅಪಾಯಕಾರಿಯಾದ ಕೆಂಪು ಮಚ್ಚೆ ಇನ್ನೊಂದು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳುಚಿ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಈ ಸ್ಥಿತಿಯನ್ನು ಮೊದಲು, 1952ರಲ್ಲಿ, ವಿವರಿಸಿದ್ದು ದೂರದ ನೈರೋಬಿಯಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ. ಮರುವರ್ಷವೇ ಮುಂಬಯಿಯ ಡಾ. ಜೋಶಿ ಅದನ್ನು ಇಲ್ಲಿಯೂ ಗುರುತಿಸಿದರು. ಆರೋಗ್ಯವಂತನ ಬಾಯಲ್ಲಿ ಅವನದೇ ಮೂರು ಬೆರಳುಗಳು ಒಂದರ ಮೇಲೊಂದು ನಿಲ್ಲುತ್ತವೆ. ಎರಡೇ ನಿಂತರೆ ಎಚ್ಚರವಾಗಬೇಕು. ಖಾರದ ಚಟ್ನಿ ಹಚ್ಚಿದ ರೊಟ್ಟಿ ತಿಂದಾಗ ಹಿಂದೆಂದೂ ಇಲ್ಲದ ಉರಿ ಬಂದರೆ ಅದೂ ಒಂದು ಸೂಚನೆಯೇ.

ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಮೂರು ವಾರ ಮೀರಿದ ಗೊಗ್ಗರು ದನಿ, ನುಂಗುವಾಗ ಕಿವಿಗೆ ಹೊಡೆಯುವ ನೋವು, ಕತ್ತಿನಲ್ಲಿ ಕೈಗೆ ಸಿಗುವ ಗಟ್ಟಿಯಾದ ಗಂಟು ಇವು ಮುಂದಿನ ಲಕ್ಷಣಗಳು. ಇಲ್ಲೇ ಇದೆ ಮೋಸ. ಮೊದಮೊದಲು ಈ ಹುಣ್ಣು ನೋಯುವುದಿಲ್ಲ. ನೋಯದ ಹುಣ್ಣಿಗಾಗಿ ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರು ಯಾರು? ಉಷ್ಣವೆಂದು ಮಜ್ಜಿಗೆ ಕುಡಿಯುತ್ತಾರೆ, ಹಲ್ಲು ಚುಚ್ಚಿತೆಂದು ಹಲ್ಲು ಕೀಳಿಸುತ್ತಾರೆ. ಹಲ್ಲು ಕಿತ್ತ ಗಾಯವೂ ಮಾಯುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ರೋಗ ದವಡೆಯ ಎಲುಬಿಗೋ ಕತ್ತಿನ ಗ್ರಂಥಿಗೋ ಇಳಿದಿರುತ್ತದೆ.

ಕಾಣದ ಗಂಟಲನ್ನು ಕಾಣಿಸಿದ್ದು ವೈದ್ಯನಲ್ಲ, ಒಬ್ಬ ಸಂಗೀತದ ಮೇಷ್ಟ್ರು. ಮಾನುಯೆಲ್ ಗಾರ್ಸಿಯಾ ಎಂಬ ಸ್ಪೇನಿನ ಗಾಯನ ಶಿಕ್ಷಕ 1854ರಲ್ಲಿ ಪುಟ್ಟ ಕನ್ನಡಿಯೊಂದನ್ನು ಬಾಯೊಳಗಿಟ್ಟು, ಇನ್ನೊಂದರಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿ ತನ್ನದೇ ಧ್ವನಿತಂತುಗಳು ಅಲುಗುವುದನ್ನು ನೋಡಿದ. ಇಂದು ಬಾಗುವ ದುರ್ಬೀನು ಆ ಕೆಲಸ ಮಾಡುತ್ತದೆ. ಆದರೆ ನೋಟವೊಂದೇ ಸಾಲದು. ಹುಣ್ಣಿನ ಅಂಚಿನಿಂದ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಬಯಾಪ್ಸಿಯೇ ಕೊನೆಯ ಮಾತು. ಚೂರು ತೆಗೆದರೆ ರೋಗ ಕೆರಳಿ ಹರಡುತ್ತದೆಂಬ ಭಯ ಜನರಲ್ಲಿದೆ, ಅದು ನಿಜವಲ್ಲ. ಬಯಾಪ್ಸಿಗೆ ಹೆದರಿ ಕಳೆದ ತಿಂಗಳುಗಳಲ್ಲೇ ರೋಗ ಹರಡುವುದು.

ಕತ್ತಿ, ಕಿರಣ, ಮದ್ದು

ಚಿಕಿತ್ಸೆಯ ಇತಿಹಾಸ ಧೈರ್ಯದ್ದೂ ಹೌದು, ದುಃಖದ್ದೂ ಹೌದು. ವಿಯೆನ್ನಾದ ಬಿಲ್‌ರೋತ್ 1873ರ ಕೊನೆಯ ದಿನ ಕ್ಯಾನ್ಸರ್ ತಗುಲಿದ ಧ್ವನಿಪೆಟ್ಟಿಗೆಯನ್ನು ಇಡಿಯಾಗಿ ತೆಗೆದ. ರೋಗ ಕತ್ತಿನ ಗ್ರಂಥಿಗಳ ಮೂಲಕ ಹರಡುವ ಕ್ರಮವನ್ನು ಅರಿತು ಅವನ್ನೂ ಒಟ್ಟಿಗೆ ತೆಗೆಯುವ ವಿಧಾನವನ್ನು ಅಮೆರಿಕದ ಜಾರ್ಜ್ ಕ್ರೈಲ್ 1906ರಲ್ಲಿ ವಿವರಿಸಿದ. ಕ್ಷಕಿರಣ, ರೇಡಿಯಂಗಳು ಕತ್ತಿಯಿಲ್ಲದೆ ಗಡ್ಡೆ ಸುಡುವ ದಾರಿ ತೋರಿದವು. ಆದರೆ ದವಡೆ ತೆಗೆದ ಮುಖವನ್ನು ಮತ್ತೆ ಕಟ್ಟುವ ದಾರಿ ಬಹುಕಾಲ ದೊರೆಯಲಿಲ್ಲ. 1979ರಲ್ಲಿ ಸ್ಟೀಫನ್ ಆರಿಯನ್ ಎದೆಯ ಸ್ನಾಯುವನ್ನು ಚರ್ಮದೊಂದಿಗೆ ಮೇಲಕ್ಕೆ ತಿರುಗಿಸಿ ಬಾಯಿಯ ತೂತು ಮುಚ್ಚುವ ವಿಧಾನ ಕೊಟ್ಟ ಮೇಲೆ ಸಾಧಾರಣ ಆಸ್ಪತ್ರೆಗಳಲ್ಲೂ ದೊಡ್ಡ ಶಸ್ತ್ರಕ್ರಿಯೆ ಸಾಧ್ಯವಾಯಿತು. ಈಗ ಕಾಲಿನ ಎಲುಬಿನಿಂದ ದವಡೆಯನ್ನೇ ರೂಪಿಸುತ್ತಾರೆ.

ರೋಗ ಮೊದಲ ಹಂತದಲ್ಲಿದ್ದರೆ ಶಸ್ತ್ರಕ್ರಿಯೆ ಅಥವಾ ವಿಕಿರಣ ಇವುಗಳಲ್ಲಿ ಒಂದೇ ಸಾಕಾಗುವುದುಂಟು. ಬಲಿತಿದ್ದರೆ ಶಸ್ತ್ರಕ್ರಿಯೆಯ ಬಳಿಕ ಆರೇಳು ವಾರ ವಿಕಿರಣ, ಕೆಲವರಿಗೆ ಅದರೊಂದಿಗೆ ಸಿಸ್‌ಪ್ಲಾಟಿನ್ ಮದ್ದು ಬೇಕಾಗುತ್ತದೆ. ಬಾಯಿಯ ಕ್ಯಾನ್ಸರ್ ಆರಂಭದಲ್ಲಿದ್ದು, ಕತ್ತಿನಲ್ಲಿ ಗಂಟು ಕಾಣದಿದ್ದಾಗಲೂ ಅಲ್ಲಿನ ಗ್ರಂಥಿಗಳನ್ನು ಮೊದಲೇ ತೆಗೆಯಬೇಕೆ ಎಂಬುದು ಜಗತ್ತಿನ ವೈದ್ಯರನ್ನು ಕಾಡಿದ್ದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟದ್ದು ಮುಂಬಯಿಯ ಟಾಟಾ ಆಸ್ಪತ್ರೆ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ಶೇ 80 ಮಂದಿ ಬದುಕಿದ್ದರೆ, ಕಾದು ನೋಡಿದವರಲ್ಲಿ ಆ ಪ್ರಮಾಣ ಶೇ 67.5.

ಗಡಿಯಾಚೆ, ಗಡಿಯೀಚೆ

ಈ ಐದು ತಾಲ್ಲೂಕುಗಳ ರೋಗಿಗಳಿಗೆ ರಾಜ್ಯದ ಗಡಿ ಎಂದೂ ಅಡ್ಡಿಯಾಗಿಲ್ಲ. ಕಾಗವಾಡ ದಾಟಿದರೆ ಮೀರಜ್. ಅಲ್ಲಿ ವಿಲಿಯಂ ವಾನ್‌ಲೆಸ್ ಎಂಬ ಮಿಷನರಿ ವೈದ್ಯ 1894ರಲ್ಲಿ ತೆರೆದ ಆಸ್ಪತ್ರೆಯಿಂದಾಗಿ ಊರಿಗೆ ಊರೇ ವೈದ್ಯರ ಊರಾಯಿತು. ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳ ನಿಲ್ದಾಣಗಳಲ್ಲಿ ರೈಲು ಹತ್ತಿದವರು ಒಂದು ದಿಕ್ಕಿಗೆ ಹೋದರೆ ಮೀರಜ್, ಇನ್ನೊಂದು ದಿಕ್ಕಿಗೆ ಹೋದರೆ ಬೆಳಗಾವಿ ಸೇರುತ್ತಾರೆ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಹುಟ್ಟಿತು. ಆದರೂ ನಿಪ್ಪಾಣಿಯವರಿಗೆ ಬೆಂಗಳೂರಿಗಿಂತ ಮುಂಬಯಿಯೇ ಹತ್ತಿರ. ನಂತರ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಉತ್ತರ ಕರ್ನಾಟಕಕ್ಕೆ ಆಸರೆಯಾಯಿತು. 2025ರ ಜನವರಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ಬೆಳಗಾವಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಖರ್ಚಿನ ಹೊರೆ ಇಳಿಸಲು 2003ರ ಯಶಸ್ವಿನಿ, 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆರೋಗ್ಯ ಕರ್ನಾಟಕ ಯೋಜನೆಗಳು ಬಂದವು.

ಆಸ್ಪತ್ರೆ ಹತ್ತಿರವಾಯಿತು, ಹಣದ ದಾರಿಯೂ ತೆರೆಯಿತು. ಉಳಿದಿರುವುದು ರೋಗಿ ಬೇಗ ಬರುವ ಪ್ರಶ್ನೆ. ತಿರುವನಂತಪುರ ಜಿಲ್ಲೆಯಲ್ಲಿ ನಡೆದ ದೊಡ್ಡ ಪ್ರಯೋಗವೊಂದು ಇದಕ್ಕೆ ದಾರಿ ತೋರಿದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿದರು; ಬೇರೆ ಉಪಕರಣವೇನೂ ಇರಲಿಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದರಷ್ಟು ತಗ್ಗಿತು. 30 ವರ್ಷ ದಾಟಿದವರೆಲ್ಲರ ಬಾಯಿಯನ್ನೂ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿದ್ದಕ್ಕೆ ಇಂಥ ಅನುಭವವೇ ಆಧಾರ.

ಬದಲಾವಣೆ ಇಲ್ಲದಿಲ್ಲ. ಕರ್ನಾಟಕದಲ್ಲಿ ವಯಸ್ಕರ ಪೈಕಿ ತಂಬಾಕು ಬಳಸುವವರ ಪ್ರಮಾಣ 2009–10ರಲ್ಲಿ ಶೇ 28.2 ಇದ್ದದ್ದು 2016–17ರಲ್ಲಿ ಶೇ 22.8ಕ್ಕೆ ಇಳಿಯಿತು. 2013ರಲ್ಲಿ ರಾಜ್ಯ ಗುಟ್ಕಾವನ್ನು ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಮಾರುವ ಉಪಾಯ ಕಂಡುಕೊಂಡರು. ಜಹಾಂಗೀರನ ನಿಷೇಧದ ಪಾಡು ನೆನಪಾಗುವುದು ಇಲ್ಲೇ. ನಿಪ್ಪಾಣಿಯ ಹೊಲಗಳಲ್ಲಿ ಮಾತ್ರ ಬದಲಾವಣೆ ಆದೇಶವಿಲ್ಲದೆಯೇ ನಡೆದಿದೆ. ನೀರಾವರಿ ಬಂದ ಕಡೆ ಕಬ್ಬು, ಸೋಯಾಬೀನ್ ಬಂದು ತಂಬಾಕಿನ ಜಾಗ ಹಿಡಿದಿವೆ. ರೈತನಿಗೆ ಬೇರೊಂದು ಬೆಳೆ ಕೈಗೆ ಬಂದಾಗ ತಂಬಾಕು ತಾನಾಗಿ ಹಿಂದೆ ಸರಿಯಿತು. ಬೀಡಿ ಕಟ್ಟುವ ಹೆಂಗಸಿಗೂ ಹಾಗೆಯೇ ಬೇರೊಂದು ಕೆಲಸ ಕೈಗೆ ಬರಬೇಕು. ಅಲ್ಲಿಯತನಕ ಮಾಡಬಹುದಾದ ಕೆಲಸವೊಂದಿದೆ: ಮನೆಯ ಕನ್ನಡಿಯ ಮುಂದೆ ನಿಂತು, ತಿಂಗಳಿಗೊಮ್ಮೆ ಬಾಯಿ ಅಗಲಿಸಿ, ನಾಲಗೆ ಎತ್ತಿ, ಕೆನ್ನೆ ಎಳೆದು ನೋಡಿಕೊಳ್ಳುವುದು. ಅದಕ್ಕೆ ಖರ್ಚಿಲ್ಲ. ಬೇಕಾಗುವುದು ಎರಡು ನಿಮಿಷ.